ಸಾಸಿವೆ ಇಲ್ಲದ ಲಿಪ್‌ಕಿಂಡ್

ನನಗೆ ಸಾಸಿವೆ ಸೇರುವುದಿಲ್ಲ. ಈ ಮಾತನ್ನು ಇದುವರೆಗೆ ನನ್ನ ಡೈರಿಗೆ ಬಿಟ್ಟು ಇನ್ಯಾರಿಗೂ ಹೇಳಿಲ್ಲ. ಡೈರಿಯಲ್ಲೂ ಸಣ್ಣ ಅಕ್ಷರದಲ್ಲೇ ಬರೆದಿದ್ದೇನೆ.

ಬೇರೆ ಊರಿನವರಿಗೆ ಇದೊಂದು ದೊಡ್ಡ ವಿಷಯವೇ ಎನ್ನಿಸಬಹುದು. ಆದರೆ ನ್ಯೂಯಾರ್ಕಿನ ಗ್ರ್ಯಾಂಡ್ ಸ್ಟ್ರೀಟಿನಲ್ಲಿ, ಪೆರ್ಲೋವ್ ಡೆಲಿ ಎಂಬ ಸ್ಯಾಂಡ್‌ವಿಚ್ ಹೋಟೆಲಿನಿಂದ ನಾಲ್ಕನೇ ಕಟ್ಟಡದಲ್ಲಿ ಹುಟ್ಟಿ ಬೆಳೆದ ಯಹೂದಿ ಹುಡುಗಿ ಹೀಗೆಂದರೆ ಮನೆತನದ ಮಾನ ಉಳಿಯುವುದಿಲ್ಲ. ಪೆರ್ಲೋವ್‌ನಲ್ಲಿ ಬಿಸಿ ಪಸ್ಟ್ರಾಮಿ ಮಾಂಸವನ್ನು ಎರಡು ಹೋಳು ರೈ ಬ್ರೆಡ್ಡಿನ ನಡುವೆ ಗೋಪುರದಂತೆ ಪೇರಿಸಿ, ಅದರ ಮೇಲೆ ಅರೆದ ಸಾಸಿವೆಯನ್ನು ಗೋಡೆಗೆ ಸುಣ್ಣ ಬಳಿದಂತೆ ಬಳಿದು ತರುತ್ತಾರೆ. ಬೇಕೇ ಬೇಡವೇ ಎಂದು ಕೇಳುವ ಪದ್ಧತಿ ಇಲ್ಲ. ಮೊದಲ ತುತ್ತಿಗೇ ಘಾಟು ನನ್ನ ಮೂಗಿನಿಂದ ನೆತ್ತಿಗೆ ಏರಿ, ಕಣ್ಣಲ್ಲಿ ನೀರು ಧಾರಾಕಾರ. ನನ್ನ ವಯಸ್ಸು ಇಪ್ಪತ್ತಮೂರು. ಇತಿಹಾಸದಲ್ಲಿ ಪದವಿ ಪಡೆದಿದ್ದೇನೆ. ರೋಮ್ ಸಾಮ್ರಾಜ್ಯ ಏಕೆ ಬಿತ್ತು ಎಂದು ಹನ್ನೆರಡು ಪುಟ ಬರೆಯಬಲ್ಲೆ. "ಸಾಸಿವೆ ಬೇಡ" ಎಂದು ಎರಡು ಮಾತು ಹೇಳಲು ಬಾಯಿ ಬರುವುದಿಲ್ಲ.

ಅಲ್ಲಿನ ಹಳೆಯ ಸಪ್ಲೈಯರ್ ಲೇಬಿಷ್ ನನ್ನ ಕಣ್ಣೀರನ್ನು ಭಕ್ತಿ ಎಂದು ತಿಳಿದಿದ್ದಾನೆ. "ನೋಡ್ರೀ, ನೋಡಿ ಕಲೀರಿ" ಎಂದು ಪಕ್ಕದ ಮೇಜಿನವರಿಗೆ ನನ್ನನ್ನು ತೋರಿಸುತ್ತಾನೆ. "ಈ ಹುಡುಗೀಗೆ ಊಟದ ಬೆಲೆ ಗೊತ್ತು. ನೀವು ತಿಂದು ಎದ್ದು ಹೋಗ್ತೀರಾ, ದನಗಳ ಥರ."

ಇನ್ನು ಅಪ್ಪ. ಅಪ್ಪನ ಹೆಸರು ಹೆಶೆಲ್ ಲಿಪ್‌ಕಿಂಡ್. ಮೂವತ್ತೆಂಟನೇ ಬೀದಿಯ ಗುಂಡಿ ಅಂಗಡಿಯಲ್ಲಿ ಕೆಲಸ. ಅಂಗಿಯ ಗುಂಡಿ ನೋಡಿ ಮನುಷ್ಯನ ಗುಣ ಹೇಳುತ್ತೇನೆ ಎನ್ನುವ ಅಪ್ಪನ ಅಂಗಿಯಲ್ಲೇ ಯಾವಾಗಲೂ ಒಂದು ಗುಂಡಿ ಇರುವುದಿಲ್ಲ. ಅಪ್ಪನಿಗೆ ಬ್ಲೂಮಾ ಎಂಬ ತಂಗಿ. ಮದುವೆಯಾಗಿ ಕ್ಲೀವ್‌ಲೆಂಡಿಗೆ ಹೋದವಳು. ಅವಳ ಗಂಡ ಸೀಮೋರ್ ಮಾವ ಅಲ್ಲಿನ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರಕ್ಕೆ ಕುಡಿಯುವ ನೀರಿನ ನಲ್ಲಿಯೊಂದನ್ನು ದಾನ ಮಾಡಿದ್ದಾರೆ. ನಲ್ಲಿಯ ಮೇಲೆ ಹಿತ್ತಾಳೆ ಫಲಕ, ಫಲಕದ ಮೇಲೆ ಅವರ ಹೆಸರು. ಬ್ಲೂಮಾ ಅತ್ತೆ ಅದರ ಫೋಟೋವನ್ನು ಪ್ರತಿ ವರ್ಷ ಹಬ್ಬಕ್ಕೆ ಕಳಿಸುತ್ತಾಳೆ. ನಮ್ಮ ಮನೆಯಲ್ಲಿ ಆ ನಲ್ಲಿಯ ಫೋಟೋಗಳು ನನ್ನ ಫೋಟೋಗಳಿಗಿಂತ ಹೆಚ್ಚಿವೆ.

ಕಳೆದ ತಿಂಗಳು ಅತ್ತೆ ಫೋನ್ ಮಾಡಿ, ಫಲಕಕ್ಕೆ ಹೊಸದಾಗಿ ಪಾಲಿಷ್ ಹಾಕಿಸಿದ ವಿಷಯ ಹೇಳಿದಳು. ಅಪ್ಪನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಬ್ಲೂಮಾ, ನಿನ್ ಗಂಡನ ಹೆಸರಲ್ಲಿ ನೀರು ಬರುತ್ತೆ. ನನ್ ಹೆಸರಲ್ಲಿ ಮಾಂಸ ಬರುತ್ತೆ! ಪೆರ್ಲೋವ್‌ನಲ್ಲಿ ನನ್ ಹೆಸರಿನ ಸ್ಯಾಂಡ್‌ವಿಚ್ ಇದೆ, ಗೊತ್ತಾ ನಿನಗೆ?"

ಆ ಕಡೆಯಿಂದ ಅತ್ತೆಯ ದನಿ: "ಹಾಗಾದ್ರೆ ನೋಡ್ಲೇಬೇಕು. ಮುಂದಿನ ತಿಂಗಳು ಬರ್ತೀವಿ. ಮೊದಲ್ನೇ ಭಾನುವಾರ, ಒಂದು ಗಂಟೆಗೆ, ಪೆರ್ಲೋವ್‌ನಲ್ಲೇ ಸಿಗೋಣ."

ಅಪ್ಪ ಫೋನ್ ಇಟ್ಟರು. ಅವರ ಹೆಸರಿನ ಸ್ಯಾಂಡ್‌ವಿಚ್ ಎಲ್ಲೂ ಇರಲಿಲ್ಲ.

ಪೆರ್ಲೋವ್‌ನಲ್ಲಿ ಗಿರಾಕಿಗಳ ಹೆಸರಿನ ಸ್ಯಾಂಡ್‌ವಿಚ್‌ಗಳು ಇರುವುದೇನೋ ನಿಜ. ಏಳು ಇವೆ. ಫಿಶ್ಕಿನ್ ಎಂದರೆ ದನದ ನಾಲಿಗೆ, ಎರಡು ಪದರ; ಬದುಕಿದ್ದಾಗ ಆತ ಊಟಕ್ಕೆ ಬಂದರೆ ಬೇರೆಯವರಿಗೆ ಮಾತಾಡಲು ಅವಕಾಶ ಸಿಗುತ್ತಿರಲಿಲ್ಲ. ಶ್ರೀಮತಿ ಬ್ರೌಡಿ ಎಂದರೆ ಕೊಬ್ಬು ತೆಗೆದ ಎದೆಮಾಂಸ, ಅರ್ಧ ಮಾತ್ರ. ಆಕೆ ಕೊನೆಯ ಇಪ್ಪತ್ತು ವರ್ಷ ಡಯೆಟ್ಟಿನಲ್ಲಿದ್ದರು. ಇಬ್ಬರೂ ಈಗಿಲ್ಲ. ಏಳು ಜನರಲ್ಲಿ ಒಬ್ಬರೂ ಈಗಿಲ್ಲ. ಅದೇ ತೊಡಕು. ನಮ್ಮಲ್ಲಿ ಮಗುವಿಗೆ ತೀರಿಹೋದ ಅಜ್ಜನ ಹೆಸರಿಡುತ್ತಾರೆಯೇ ಹೊರತು ಬದುಕಿರುವ ಅಜ್ಜನದಲ್ಲ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಮೃತ್ಯುದೂತ ಬಂದಾಗ ಗಲಿಬಿಲಿಗೊಂಡು ತಪ್ಪಾದವರನ್ನು ಎತ್ತಿಕೊಂಡು ಹೋದಾನು ಎಂಬ ಭಯ. ಡೆಲಿಯ ಮಾಲೀಕರಾದ ಝಲ್ಮನ್ ಪೆರ್ಲೋವ್ ಈ ನಿಯಮವನ್ನು ಸ್ಯಾಂಡ್‌ವಿಚ್‌ಗೂ ವಿಸ್ತರಿಸಿದ್ದರು. "ಬದುಕಿರೋ ಮನುಷ್ಯನ ಹೆಸರಿಟ್ಟು, ದಿನಕ್ಕೆ ಐವತ್ತು ಸಲ 'ಅವನನ್ನ ಕತ್ತರಿಸು' ಅಂತ ಕೂಗೋಕಾಗುತ್ತಾ?" ಎನ್ನುತ್ತಿದ್ದರು. ಇದು ಗ್ರ್ಯಾಂಡ್ ಸ್ಟ್ರೀಟಿನ ಪ್ರತಿಯೊಬ್ಬರಿಗೂ ಗೊತ್ತು. ಕ್ಲೀವ್‌ಲೆಂಡಿನವರಿಗೆ ಗೊತ್ತಿಲ್ಲ, ಅಷ್ಟೆ.

ಅತ್ತೆ ಬರುವ ವಾರ ಅಪ್ಪ ನನ್ನ ಕೋಣೆಗೆ ಬಂದರು. ಪೆರ್ಲೋವ್‌ನ ಮೆನು ಟೈಪ್ ಮಾಡಿಕೊಡುವವಳು ನಾನೇ. ಬೀದಿಯಲ್ಲಿ ಟೈಪ್‌ರೈಟರೂ ಪದವಿಯೂ ಎರಡೂ ಇದ್ದು ಕೆಲಸ ಮಾತ್ರ ಇಲ್ಲದವಳು ನಾನೊಬ್ಬಳೇ.

"ಟೋಬಾ, ಚಿನ್ನ, ನನ್ ಹೆಸರಿರೋ ಮೆನು, ಒಂದೇ ಒಂದು ಹಾಳೆ" ಎಂದರು ಅಪ್ಪ. "ಬ್ಲೂಮಾ ಕೈಗೆ ಕೊಡೋಕೆ. ಅವಳು ನೋಡ್ತಾಳೆ, ಹೊಟ್ಟೆ ಉರ್ಕೋತಾಳೆ, ಹೋಗ್ತಾಳೆ. ಸೋಮವಾರ ಹರಿದು ಹಾಕು. ನಿಮ್ಮಮ್ಮನಿಗೆ ಹೇಳ್ಬೇಡ."

"ಅದರಲ್ಲಿ ಏನೇನಿರುತ್ತೆ ಅಂತ ಬರೀಲಪ್ಪಾ?"

"ಏನಾದ್ರೂ ಬರಿ. ನಿನಗೆ ಇಷ್ಟ ಬಂದದ್ದು ಬರಿ."

ನನಗೆ ಇಷ್ಟ ಬಂದದ್ದನ್ನು ಬರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೆನುವಿನ ಏಳು ಹೆಸರುಗಳ ಕೆಳಗೆ ಬರೆದೆ: "ಲಿಪ್‌ಕಿಂಡ್. ತೆಳುವಾಗಿ ಕೊಯ್ದ ಪಸ್ಟ್ರಾಮಿ, ರೈ ಬ್ರೆಡ್, ಜೊತೆಗೆ ಉಪ್ಪಿನಸೌತೆ. ಸಾಸಿವೆ ಇಲ್ಲ."

ಗುರುವಾರ ಮಧ್ಯಾಹ್ನ ಹೊಸ ಮೆನುಗಳ ಲಕೋಟೆಯನ್ನು ಪೆರ್ಲೋವ್‌ಗೆ ಒಯ್ದೆ. ಅಪ್ಪನ ಹಾಳೆ ಬೇರೆಯಾಗಿ ನನ್ನ ಕೈಚೀಲದಲ್ಲಿರಬೇಕಾಗಿತ್ತು. ಅದು ಲಕೋಟೆಯಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಪೆರ್ಲೋವ್ ಮೂವತ್ತು ವರ್ಷದಿಂದ ತಮ್ಮದೇ ಮೆನು ಓದಿದವರಲ್ಲ. ಮೇಲಿನ ಹಾಳೆ ಎಳೆದು, ಹಿಟ್ಟಿನ ಅಂಟು ಬಳಿದು, ಅಕ್ಷರ ಬೀದಿಗೆ ಕಾಣುವಂತೆ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದರು. ನಾನು ಬಾಯಿ ತೆರೆದೆ.

"ನಂಬರ್ ನಲವತ್ತೇಳು!" ಎಂದು ಕೌಂಟರಿನವನು ಗಿರಾಕಿಗಳ ಸರದಿ ಚೀಟಿಯ ನಂಬರ್ ಕೂಗಿದ.

ನಾನು ಬಾಯಿ ಮುಚ್ಚಿದೆ.

"ಏನಮ್ಮಾ ಪ್ರೊಫೆಸರ್, ನಂಬರ್ ತಗೊಂಡಿದ್ದೀಯಾ?" ಎಂದ ಲೇಬಿಷ್. "ಇಲ್ವಾ? ಹಾಗಾದ್ರೆ ದಾರಿ ಬಿಡು, ಜನ ಹಸ್ಕೊಂಡಿದಾರೆ."

ಹೀಗೆ ಹೊರಗಿನವರಿಗೆಲ್ಲ ಅಪ್ಪನ ಹೆಸರು ಕಾಣುತ್ತಿತ್ತು, ಒಳಗಿನವರಿಗೆ ಖಾಲಿ ಹಾಳೆಯ ಬೆನ್ನು ಮಾತ್ರ. ಮೊದಲ ಗಿರಾಕಿ ಒಳಬಂದು "ಅಯ್ಯೋ, ಲಿಪ್‌ಕಿಂಡ್ ಕೂಡಾ ಹೋದನಾ?" ಎಂದಾಗ ಪೆರ್ಲೋವ್ ತಮ್ಮ ಹೆಂಡತಿಗೆ ಸುದ್ದಿ ಬಂದಿರಬೇಕು, ಅವಳೇ ಬರೆಸಿರಬೇಕು ಎಂದುಕೊಂಡರಂತೆ. ಹೆಂಡತಿ, ಗಂಡನೇ ಬರೆಸಿರಬೇಕು ಎಂದುಕೊಂಡಳಂತೆ. ಇಬ್ಬರೂ ಗಲ್ಲಾಪೆಟ್ಟಿಗೆಯ ಎರಡು ಕಡೆ ನಿಂತು ತಲೆ ಅಲ್ಲಾಡಿಸಿದರಂತೆ. ಮದುವೆಯಾಗಿ ಮೂವತ್ತು ವರ್ಷವಾದ ಮೇಲೆ ಇಂಥ ಸಣ್ಣ ವಿಷಯವನ್ನೆಲ್ಲ ಯಾರು ಕೇಳುತ್ತಾರೆ?

ಶುಕ್ರವಾರ ಮಧ್ಯಾಹ್ನ ಅಮ್ಮ ಕೂದಲಿಗೆ ಬಣ್ಣ ಹಾಕಿಸಲು ಹೊರಟಳು. ಪೆರ್ಲೋವ್ ಕಿಟಕಿಯ ಮುಂದೆ ಹಾಯದಂತೆ ಅವಳನ್ನು ಮೂರು ಬೀದಿ ಸುತ್ತಿಸಿ ಕರೆದೊಯ್ದೆ. ಸಿಲ್ವಿಯಾಳ ಸಲೂನಿಗೆ ನಾವು ಕಾಲಿಟ್ಟ ಕೂಡಲೇ ಎಲ್ಲ ಹೆಂಗಸರೂ ಮಾತು ನಿಲ್ಲಿಸಿದರು. ಆ ಸಲೂನಿನಲ್ಲಿ ಹಾಗಾದದ್ದು ಅದೇ ಮೊದಲು.

"ಕೆಂಪು ಹಾಕು ಸಿಲ್ವಿಯಾ" ಎಂದಳು ಅಮ್ಮ, ಕುರ್ಚಿಯಲ್ಲಿ ಕೂರುತ್ತಾ. "ಚೆನ್ನಾಗಿ ಹೊಳೀಬೇಕು."

"ಕೆಂಪಾ? ಈಗಲಾ, ರೇಝೆಲ್?"

"ಈಗಲ್ದೆ ಇನ್ಯಾವಾಗ? ಭಾನುವಾರ ನಮ್ಮ ನಾದಿನಿ ಬರ್ತಾಳೆ. ಹಸಿರು ಡ್ರೆಸ್ ಬೇರೆ ಹೊಲಿಸಿದೀನಿ."

ಪಕ್ಕದ ಕುರ್ಚಿಯಲ್ಲಿ ನಮ್ಮ ಮೇಲಿನ ಮಹಡಿಯ ಶ್ರೀಮತಿ ಝೆಲ್ನಿಕ್. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: "ರೇಝೆಲ್, ರಾತ್ರಿ ನಿದ್ದೆ ಬರುತ್ತೇನೇ ನಿನಗೆ?"

"ನಿದ್ದೆನಾ? ಮದುವೆ ಆದಾಗಿಂದ ಇಂಥಾ ನಿದ್ದೆ ಮಾಡಿಲ್ಲ ಕಣ್ರೀ! ಇಪ್ಪತ್ತೇಳು ವರ್ಷ ಆ ಮನುಷ್ಯನ ಗೊರಕೆ ಕೇಳಿದ್ದಾಯ್ತು. ಬುಧವಾರದಿಂದ ಗೋಡೆ ಕಡೆ ತಿರುಗಿಸಿ ಮಲಗಿಸಿದೀನಿ. ಒಂಚೂರೂ ಸದ್ದಿಲ್ಲ."

ಸಿಲ್ವಿಯಾಳ ಕೈಯಿಂದ ಬಾಚಣಿಗೆ ಬಿತ್ತು. "ಬುಧವಾರದಿಂದ? ಮನೇಲೇ ಮಲಗಿಸಿದ್ದೀಯಾ?"

"ಇನ್ನೆಲ್ಲಿ ಮಲಗಿಸ್ಲಿ? ಮೆಟ್ಟಿಲ ಮೇಲಾ?"

ನಮ್ಮಲ್ಲಿ ಸತ್ತವರನ್ನು ಮರುದಿನವೇ ಮಣ್ಣು ಮಾಡುವುದು ಕಟ್ಟಲೆ. ಶ್ರೀಮತಿ ಝೆಲ್ನಿಕ್ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿಕೊಂಡರು. ನನಗೆ ಆಗ ಹೊಳೆಯಿತು, ಈ ಜನ ಏನು ತಿಳಿದಿದ್ದಾರೆ ಎಂದು. ನಾನು ಎದ್ದು ನಿಂತು, ಉಸಿರು ಎಳೆದುಕೊಂಡು, "ಅಪ್ಪ ಚೆನ್ನಾಗಿದಾರೆ" ಎಂದೇಬಿಟ್ಟೆ. ಅದೇ ಕ್ಷಣಕ್ಕೆ ಸಿಲ್ವಿಯಾ ಕೂದಲೊಣಗಿಸುವ ಯಂತ್ರ ಹಾಕಿದಳು. ನನ್ನ ಮಾತು ನನಗೇ ಕೇಳಿಸಲಿಲ್ಲ.

ಅಮ್ಮನನ್ನು ಅಲ್ಲೇ ಬಿಟ್ಟು ಪೆರ್ಲೋವ್‌ಗೆ ಓಡಿದೆ. ಅಂದು ಸಂಜೆ ಶುರುವಾಗುವ ಸಬ್ಬತ್ ಎಂಬ ವಾರದ ವಿರಾಮಕ್ಕೆಂದು ಅಂಗಡಿ ಆಗಲೇ ಬಾಗಿಲು ಹಾಕಿತ್ತು. ಇನ್ನು ಭಾನುವಾರದವರೆಗೆ ತೆರೆಯುವುದಿಲ್ಲ. ದಿಕ್ಕು ತೋಚದೆ ಗಾಜಿನ ಮೇಲಿದ್ದ ಅಪ್ಪನ ಹೆಸರನ್ನು ಉಗುರಿನಿಂದ ಕೆರೆಯತೊಡಗಿದೆ. ಹಾಳೆ ಒಳಗಡೆ ಇತ್ತು. ಪದವೀಧರೆಯಾದರೂ ಇದು ನನಗೆ ಕೂಡಲೇ ತಿಳಿಯಲಿಲ್ಲ. ಚಳಿಗಾಳಿಗೆ ಕಣ್ಣಲ್ಲಿ ನೀರು ಬೇರೆ.

ತಂದೆಯ ಹೆಸರನ್ನು ತಡವುತ್ತಾ ಅಳುತ್ತಿರುವ ಮಗಳನ್ನು ಕಂಡು ಯಾರೋ ದಪ್ಪನೆಯ ಹೆಂಗಸು ಹಿಂದಿನಿಂದ ಬಂದು ಗಟ್ಟಿಯಾಗಿ ತಬ್ಬಿಕೊಂಡರು. "ಅತ್ತುಬಿಡು ಮಗಳೇ, ಅತ್ತುಬಿಡು!" ನಾನು "ಬದುಕಿದಾರೆ" ಎಂದೆ. ಆದರೆ ನನ್ನ ಬಾಯಿ ಆಕೆಯ ತುಪ್ಪಳದ ಕೋಟಿನೊಳಗಿತ್ತು. ಕೋಟಿನಿಂದ ನನ್ನ ಬಾಯಿ ಹೊರಬರುವಷ್ಟರಲ್ಲಿ ಆಕೆ ಕಣ್ಣೊರೆಸಿಕೊಂಡು ಬೀದಿ ದಾಟಿದ್ದರು.

ಸಂಜೆ ಅಪ್ಪ ಕೆಲಸದಿಂದ ಬಂದಾಗ ನಮ್ಮ ಬಾಗಿಲ ಮುಂದೆ ಬೇಯಿಸಿದ ಮೊಟ್ಟೆಗಳ ಎರಡು ಬೋಗುಣಿಗಳಿದ್ದವು. ಸಾವಿನ ಮನೆಗೆ ನಾವು ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಬಾಗಿಲು ಮಾತ್ರ ಬಡಿಯುವುದಿಲ್ಲ, ದುಃಖದಲ್ಲಿರುವವರನ್ನು ಏಳಿಸಬಾರದೆಂದು. ಅಪ್ಪ ಎರಡೂ ಬೋಗುಣಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಒಳಬಂದರು.

"ನೋಡ್ದೇನೇ ರೇಝೆಲ್? ಬ್ಲೂಮಾ ಬರೋದು ಇಡೀ ಕಟ್ಟಡಕ್ಕೆ ಗೊತ್ತಾಗಿದೆ! ನಂಗೇನು ಕಡಿಮೆ ಮರ್ಯಾದೇನಾ ಇಲ್ಲಿ?"

ಹೀಗೆಂದು ತಮ್ಮ ಸೂತಕದ ಮೊಟ್ಟೆಗಳಲ್ಲಿ ಮೂರನ್ನು ಉಪ್ಪು ಹಾಕಿಕೊಂಡು ತಿಂದರು. ಅಷ್ಟು ಖುಷಿಯಾಗಿದ್ದವರಿಗೆ ಹೇಗೆ ಹೇಳುವುದು? ಡೈರಿಯಲ್ಲಿ ಹೇಳಿದೆ. ಡೈರಿಯಲ್ಲಿ ನಾನು ಶ್ರೀಮತಿ ಝೆಲ್ನಿಕ್‌ಗೆ ಹೇಳಿದೆ, ಪೆರ್ಲೋವ್‌ಗೆ ಹೇಳಿದೆ, ಮೇಜು ಗುದ್ದಿ ಹೇಳಿದೆ.

ನಿಜ ಹೇಳಿದವರು ಒಬ್ಬರು ಇದ್ದರು. ಐದನೇ ಮಹಡಿಯ ಮುದುಕ ಗುಟ್‌ಕಿನ್ ಶುಕ್ರವಾರ ಸಂಜೆ ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲ ಮುಂದೆ ಅಪ್ಪನನ್ನು ಕಂಡಿದ್ದರು. ಶನಿವಾರ ಸಿನಗಾಗ್‌ನಲ್ಲಿ, "ಲಿಪ್‌ಕಿಂಡ್ ನಿನ್ನೆ ಸಿಕ್ಕಿದ್ದ. ಮೊಟ್ಟೆ ಹಿಡ್ಕೊಂಡಿದ್ದ. ಚೆನ್ನಾಗೇ ಇದ್ದ" ಎಂದರಂತೆ. ಎಲ್ಲರೂ ಅವರ ಬೆನ್ನು ಸವರಿ, ನೀರು ಕುಡಿಸಿ, ಇಬ್ಬರು ಕೈಹಿಡಿದು ಮನೆಗೆ ಬಿಟ್ಟು ಬಂದರಂತೆ.

ಭಾನುವಾರ ಬಂತು. ಅಪ್ಪ ಅಮ್ಮನನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಅತ್ತೆಯನ್ನು ಎದುರುಗೊಳ್ಳಲು ಹೋದರು. ಅತ್ತೆ ವಿಮಾನದಲ್ಲಿ ಬರುತ್ತೇನೆಂದು ಎರಡು ಸಲ ಹೇಳಿದ್ದಳು, ಅಪ್ಪ ಕೇಳಿಸಿಕೊಂಡಿರಲಿಲ್ಲ. ಮೇಜು ಹಿಡಿಯಲು ನನ್ನನ್ನು ಪೆರ್ಲೋವ್‌ಗೆ ಮುಂದಾಗಿ ಕಳಿಸಿದರು. ಹೋದ ತಕ್ಷಣ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಉರುಹೊಡೆದುಕೊಂಡೆ.

ಒಳಗೆ ಎಲ್ಲರೂ ಲಿಪ್‌ಕಿಂಡ್ ತಿನ್ನುತ್ತಿದ್ದರು. ಅಗಲಿದವರಿಗೆ ಗೌರವ. "ಮೇಜು ಆರಕ್ಕೆ ಎರಡು ಲಿಪ್‌ಕಿಂಡ್! ಕೊಬ್ಬು ಜಾಸ್ತಿ ಇರ್ಲಿ!" ಎಂದು ಲೇಬಿಷ್ ಗದ್ಗದ ದನಿಯಲ್ಲಿ ಕೂಗುತ್ತಿದ್ದ.

"ಸಾಸಿವೆ ಇಲ್ದೆ ಹೇಗ್ರೀ ತಿಂತಿದ್ದ, ಪಾಪ?" ಎಂದ ಒಬ್ಬ, ಕಷ್ಟಪಟ್ಟು ನುಂಗುತ್ತಾ.

"ಅದಕ್ಕೇ ಹೋಗಿದ್ದು" ಎಂದ ಇನ್ನೊಬ್ಬ.

ನನ್ನನ್ನು ಕಂಡು ಇಡೀ ಡೆಲಿ ಎದ್ದು ನಿಂತಿತು. ಲೇಬಿಷ್ ನನ್ನನ್ನು ಕೂರಿಸಿ, ನಾನು ಬಾಯಿ ತೆರೆದದ್ದನ್ನು ಹಸಿವೆಂದು ತಿಳಿದು, ತಟ್ಟೆಯೊಂದನ್ನು ತಂದಿಟ್ಟ. "ಅಪ್ಪನ ಥರ ಒಣಗಿದ್ದು ನಿನಗೆ ಬೇಡ. ನಿನ್ನದು ಎಂದಿನ ಹಾಗೇ. ಸಾಸಿವೆ ಎರಡು ಪಟ್ಟು ಹಾಕಿದೀನಿ. ತಿನ್ನು."

ಎಲ್ಲರೂ ನೋಡುತ್ತಿದ್ದರು. ತಿಂದೆ. ಘಾಟು ನೆತ್ತಿಗೇರಿತು.

ಆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಬ್ಲೂಮಾ ಅತ್ತೆ ಬಂದಳು, ಹಿಂದೆ ಎರಡು ಸೂಟ್‌ಕೇಸ್ ಹೊತ್ತ ಸೀಮೋರ್ ಮಾವ. ಕಿಟಕಿಯಲ್ಲಿ ಅಣ್ಣನ ಹೆಸರನ್ನು ಓದಿಕೊಂಡೇ ಬಂದಿದ್ದಳು. ಮುಖ ಹರಳೆಣ್ಣೆ ಕುಡಿದಂತಿತ್ತು.

"ನಾನು ಲಿಪ್‌ಕಿಂಡ್ ತಂಗಿ" ಎಂದಳು ಲೇಬಿಷ್‌ಗೆ. "ಎಲ್ಲಿ ಆ ದೊಡ್ಡ ಮನುಷ್ಯ?"

ಲೇಬಿಷ್ ಏಪ್ರನ್ ಬಿಚ್ಚಿ ತಲೆ ತಗ್ಗಿಸಿದ. ಪೆರ್ಲೋವ್ ಕೌಂಟರ್ ಬಿಟ್ಟು ಹೊರಬಂದರು. ಒಬ್ಬ ಗಿರಾಕಿಗಾಗಿ ಅವರು ಕೌಂಟರ್ ಬಿಟ್ಟು ಹೊರಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

"ಅಮ್ಮಾ, ನಿಮಗೆ ಯಾರೂ ಹೇಳ್ಲಿಲ್ವಾ?" ಎಂದರು. "ಈ ಅಂಗಡೀಲಿ ಹೋದವರ ಹೆಸರು ಮಾತ್ರ ಇಡೋದು."

ಅತ್ತೆ ನನ್ನ ಕಡೆ ತಿರುಗಿ, "ಟೋಬಾ, ನಿಜವೇನೇ?" ಎಂದಳು. ನಾನು ಹೇಳಲು ಹೊರಟೆ. ಎರಡು ಪಟ್ಟು ಸಾಸಿವೆ ಗಂಟಲಲ್ಲಿ ನಿಂತಿತ್ತು. ಉಸಿರಿಲ್ಲ, ಮಾತಿಲ್ಲ, ಕೆನ್ನೆಯ ಮೇಲೆ ಎರಡು ಧಾರೆ ನೀರು. ಅತ್ತೆಗೆ ಅಷ್ಟು ಸಾಕಾಯಿತು. ಕುರ್ಚಿಯ ಮೇಲೆ ಕುಸಿದಳು. ಯಾರೋ ಸೋಡಾ ತಂದರು.

ಆಮೇಲೆ ಒಬ್ಬೊಬ್ಬರಾಗಿ ಅಪ್ಪನನ್ನು ಹೊಗಳತೊಡಗಿದರು. "ಸಾರು ಬಿಸಿ ಇಲ್ಲ ಅಂತ ಹನ್ನೊಂದು ಸಲ ವಾಪಸ್ ಕಳಿಸಿದ್ದ. ಅಂಥಾ ನಾಲಿಗೆ ಇನ್ನೆಲ್ಲಿ?" ಎಂದು ಲೇಬಿಷ್ ಬಿಕ್ಕಿದ. ಶ್ರೀಮತಿ ಝೆಲ್ನಿಕ್ ಎದ್ದು, ತಮ್ಮ ಗಂಡ ತೀರಿಕೊಂಡ ವರ್ಷ ಪ್ರತಿ ಶುಕ್ರವಾರ ಬಂದು ಬಲ್ಬು ಸರಿಯಿದೆಯೇ ಎಂದು ನೋಡಿ ಹೋಗುತ್ತಿದ್ದವನು ಹೆಶೆಲ್ ಒಬ್ಬನೇ ಎಂದರು. "ಅವನು ಮುಟ್ಟಿದ ಬಲ್ಬು ಒಂದೂ ಉರೀಲಿಲ್ಲ. ಆದ್ರೂ ಬರ್ತಿದ್ದ."

ಅತ್ತೆ ಮೇಜಿಗೆ ಹಣೆಯಿಟ್ಟು ಅತ್ತಳು. "ಜೀವಮಾನವಿಡೀ ಅವನ ಮುಂದೆ ಆ ನಲ್ಲಿ ಹಿಡ್ಕೊಂಡು ಮೆರೆದೆ! ಆ ನಲ್ಲೀಲಿ ನೀರು ಬಂದು ಎರಡು ವರ್ಷ ಆಯ್ತು!"

"ಬ್ಲೂಮಾ!" ಎಂದರು ಸೀಮೋರ್ ಮಾವ.

"ಬರಲ್ಲ ಅಂದ್ರೆ ಬರಲ್ಲ! ಫೋಟೋ ತೆಗೆಯೋವಾಗ ಬಕೆಟ್‌ನಿಂದ ಸುರೀತೀವಿ!"

ನಾನು ಕಣ್ಣೊರೆಸಿಕೊಂಡು ತಲೆಯೆತ್ತಿದೆ. ಬಾಗಿಲ ಬಳಿ ಅಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಟೋಪಿ ಎದೆಗೆ ಒತ್ತಿಕೊಂಡು, ಕೈಯಲ್ಲಿ ನಂಬರ್ ಚೀಟಿ ಹಿಡಿದು, ಸರದಿಯಲ್ಲಿ ನಿಂತು ಕೇಳುತ್ತಿದ್ದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಕಂಡಿರಲಿಲ್ಲ. ಬ್ಲೂಮಾ ಅತ್ತೆಯ ಮಾತಿಗೆ ತಾವೂ ಕಣ್ಣೊರೆಸಿಕೊಂಡರು. ಸತ್ತವನು ಒಳ್ಳೆಯವನಿದ್ದಿರಬೇಕು ಎಂಬಂತೆ ತಲೆದೂಗಿದರು.

"ನಂಬರ್ ಅರವತ್ತೆರಡು!" ಎಂದು ಕೌಂಟರಿನವನು ಕೂಗಿದ.

"ಇಲ್ಲಿ!" ಎಂದರು ಅಪ್ಪ.

ಐವತ್ತು ತಲೆಗಳು ತಿರುಗಿದವು. ಯಾರದೋ ಕೈಯಿಂದ ಫೋರ್ಕ್ ಬಿದ್ದ ಸದ್ದು ಕೇಳಿಸಿತು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು, ಕೆಂಪು ಕೂದಲು, ಹಸಿರು ಡ್ರೆಸ್ಸಿನ ಅಮ್ಮ ನುಗ್ಗಿದಳು. ಅಪ್ಪನ ಹಿಂದೆ ಬಂದವಳು ಹೊರಗೇ ನಿಂತು ಕಿಟಕಿ ಓದಿದ್ದಳು.

"ಹೆಶೆಲ್! ನೀನು ಸತ್ತಿದ್ದೀಯಾ? ನನಗೆ ಒಂದು ಮಾತು ಹೇಳ್ಬಾರ್ದಾ!"

ಬ್ಲೂಮಾ ಅತ್ತೆ ಎದ್ದು ಬಂದು ಅಪ್ಪನ ಕೆನ್ನೆಗೆ ಒಂದು ಬಾರಿಸಿ, ಅದೇ ಕೆನ್ನೆಗೆ ಮುತ್ತಿಟ್ಟಳು. ಐದನೇ ಮಹಡಿಯ ಗುಟ್‌ಕಿನ್ ಮೂಲೆಯಿಂದ, "ನಾನು ಹೇಳಿದ್ದೆ! ಮೊಟ್ಟೆ ಹಿಡ್ಕೊಂಡಿದ್ದ ಅಂತ ಹೇಳಿದ್ದೆ!" ಎಂದು ಕೂಗುತ್ತಲೇ ಇದ್ದರು. ನಗು, ಅಳು, ಶಾಪ ಎಲ್ಲ ಒಟ್ಟಿಗೆ.

ನಗದೇ ಇದ್ದವರು ಪೆರ್ಲೋವ್ ಒಬ್ಬರೇ. ಅವರು ಕಿಟಕಿಯ ಹಾಳೆಯನ್ನು ಕೆರೆದು ಕಿತ್ತು, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ತಮ್ಮ ಮೆನು ಓದಿದರು.

"ಬದುಕಿರೋನ ಹೆಸರು. ನನ್ನ ಕಿಟಕೀಲಿ. ಏಳು ಜನ ಸತ್ತವರ ಜೊತೆ." ಅವರ ದನಿ ಏರಲಿಲ್ಲ. ಹೆದರಿಕೆ ಹುಟ್ಟಿಸಿದ್ದೇ ಅದು. "ಟೋಬಾ ಕೊಟ್ಟದ್ದನ್ನ ಟೈಪ್ ಮಾಡ್ತಾಳೆ, ಅಷ್ಟೆ. ಇದನ್ನ ಬರೆದುಕೊಟ್ಟೋರು ಯಾರೋ, ಅವರು ಇನ್ಮೇಲೆ ಈ ಬಾಗಿಲಲ್ಲಿ ಕಾಲಿಡೋ ಹಾಗಿಲ್ಲ. ನಾನು ಬದುಕಿರೋವರೆಗೂ. ಯಾರು?"

ಅಪ್ಪ ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಕುಳಿತ ಕುರ್ಚಿಯನ್ನು ಒಮ್ಮೆ ನೋಡಿದರು. ನನ್ನನ್ನು ನೋಡಲಿಲ್ಲ.

"ನಾನೇ" ಎಂದರು. "ನಾನೇ ಬರೆದದ್ದು, ಝಲ್ಮನ್. ಕ್ಷಮಿಸು." ಟೋಪಿ ತಲೆಗಿಟ್ಟುಕೊಂಡು ಬಾಗಿಲ ಕಡೆ ತಿರುಗಿದರು.

"ನಿಲ್ಲೋ" ಎಂದರು ಪೆರ್ಲೋವ್. ಹಾಳೆಯನ್ನು ಕಣ್ಣಿನ ಹತ್ತಿರ ತಂದು ಮತ್ತೆ ಓದಿದರು. "'ಸಾಸಿವೆ ಇಲ್ಲ.' ನೀನಾ ಇದನ್ನ ಬರೆದದ್ದು? ಮೂರು ಚಮಚ ಸಾಸಿವೆ ಹಾಕಿಸ್ಕೊಂಡು, ಸಾಲ್ದು ಅಂತ ಪಕ್ಕದ ಮೇಜಿಂದ ಡಬ್ಬಿ ಎತ್ಕೊಂಡು ಬರೋನು? ಹೆಶೆಲ್, ನನ್ನ ಅಂಗಡೀಲಿ ನಿಂತು ಸುಳ್ಳು ಹೇಳ್ಬೇಡ. ಯಾರದು ಈ ಸ್ಯಾಂಡ್‌ವಿಚ್?"

ಅಪ್ಪ ಕೈಯಲ್ಲಿದ್ದ ನಂಬರ್ ಚೀಟಿಯನ್ನು ಮಡಿಸಿ ಮಡಿಸಿ ಸಣ್ಣದು ಮಾಡುತ್ತಿದ್ದರು.

ನಾನು ಎದ್ದು ನಿಂತೆ. ಕೌಂಟರಿನವನು ಯಾವ ನಂಬರನ್ನೂ ಕೂಗಲಿಲ್ಲ. ಯಾವ ಯಂತ್ರವೂ ಶುರುವಾಗಲಿಲ್ಲ. ಯಾರೂ ನನ್ನನ್ನು ತಬ್ಬಿಕೊಳ್ಳಲಿಲ್ಲ. ನಾನು ಕಾದು ನೋಡಿದೆ. ಲೇಬಿಷ್ ನನ್ನ ತಟ್ಟೆಯ ಕಡೆ ಕೈಚಾಚಿದ, ಇನ್ನೊಂದು ತುತ್ತು ತಿನ್ನಿಸುವವನಂತೆ. ನಾನು ತಟ್ಟೆಯನ್ನು ಅವನ ಕಡೆಗೇ ತಳ್ಳಿದೆ.

"ನನ್ನದು" ಎಂದೆ. "ನನಗೆ ಸಾಸಿವೆ ಸೇರೋದಿಲ್ಲ."